ಸರಿ ಕೊಳಗದ ಮುಯ್ಯಿ: ಶಿಕಾರಿಪುರ–ಸೊರಬ ಸೀಮೆಯ ಮುಯ್ಯಾಳುಗಳ ಪ್ರಣಾಳಿಕೆ



ಗದ್ದೆ ಉಳ್ಳವರು, ಗೇಣು ನೆಲವೂ ಇಲ್ಲದವರು, ಅಡಿಕೆ ತೋಟದವರು, ಮೆಕ್ಕೆಜೋಳದ ಹೊಲದವರು, ನೆಟ್ಟಿಗೆ ಹೋಗುವ ಹೆಂಗಸರು, ಟ್ರ್ಯಾಕ್ಟರ್ ಓಡಿಸುವ ಹುಡುಗರು, ಬೆಂಗಳೂರಿನಲ್ಲಿ ದುಡಿದು ಹಬ್ಬಕ್ಕೆ ಮಾತ್ರ ಊರಿಗೆ ಬರುವವರು: ಈ ಮಾತು ನಿಮ್ಮೆಲ್ಲರಿಗೆ. ನಮ್ಮ ಸೀಮೆಯಲ್ಲಿ ಮುಯ್ಯಿ ಮತ್ತೆ ನಡೆಯಬೇಕೆಂದು ನಾವು ಹೊರಟಿದ್ದೇವೆ. ಆ ಮುಯ್ಯಿಯಲ್ಲಿ ಕೊಡುವವರ ಕೊಳಗವೂ ಪಡೆಯುವವರ ಕೊಳಗವೂ ಒಂದೇ ಅಳತೆಯದಾಗಿರಬೇಕು. ಮುಯ್ಯಿಯನ್ನು ನಾವು ಹಿರಿಯರಿಂದ ಪಡೆದೆವು, ಸರಿ ಅಳತೆಯನ್ನು ಗೇಣಿದಾರರ ಹೋರಾಟದಿಂದ ಕಲಿತೆವು. ಎರಡರಲ್ಲಿ ಒಂದನ್ನೂ ಬಿಡದೆ ಹಿಡಿದು ನಡೆಯುವುದೇ ಈ ಚಳವಳಿ.

ನಮ್ಮಲ್ಲಿ ನಡೆದು ಬಂದದ್ದು

ಮುಂಗಾರು ಹಿಡಿದ ಮೇಲೆ ಸಸಿಗೆ ವಯಸ್ಸು ಮೀರುವುದರೊಳಗೆ ನೆಟ್ಟಿ ಮುಗಿಯಬೇಕು. ಮಳೆ ಎಲ್ಲರ ಗದ್ದೆಗೂ ಒಂದೇ ವಾರದಲ್ಲಿ ಬೀಳುತ್ತದೆ. ಒಂದು ಮನೆಯ ಕೈಗಳಿಂದ ಅಷ್ಟು ಗದ್ದೆ ನೆಡಲಾಗದು. ಆಳು ಕರೆಯೋಣವೆಂದರೆ ಊರಿಗೆ ಊರೇ ತಂತಮ್ಮ ಗದ್ದೆಯಲ್ಲಿ ಬಗ್ಗಿ ನಿಂತಿರುತ್ತದೆ. ಈ ಇಕ್ಕಟ್ಟಿನಲ್ಲಿ ಹುಟ್ಟಿದ್ದು ಮುಯ್ಯಾಳು. ನೀರು ಮೊದಲು ನಿಲ್ಲುವ ಬೈಲುಗದ್ದೆಯಲ್ಲಿ ಇವತ್ತು, ಅದರ ಮೇಲಿನ ಗದ್ದೆಯಲ್ಲಿ ನಾಳೆ, ಮಕ್ಕಿಗದ್ದೆಯಲ್ಲಿ ನಾಡಿದ್ದು. ಮನೆಗೆ ಇಬ್ಬರಂತೆ ಹೋಗಿ ನೆಟ್ಟರೆ, ನಮ್ಮ ಸರದಿ ಬಂದಾಗ ಮನೆಗೆ ಇಬ್ಬರಂತೆ ಬಂದು ನೆಡುತ್ತಿದ್ದರು. ಕೊಟ್ಟ ಆಳಿನ ಲೆಕ್ಕ ಎಲ್ಲರ ಬಾಯಲ್ಲಿರುತ್ತಿತ್ತು. ಮಧ್ಯಾಹ್ನದ ಊಟ ಗದ್ದೆಯವರದು. ದುಡ್ಡಿನ ಮಾತೇ ಇರಲಿಲ್ಲ.

ನೆಟ್ಟಿ ಒಂದೇ ಅಲ್ಲ. ಹುಲ್ಲಿನ ಸೂರು ಹೊದಿಸುವ ದಿನ ಕೇರಿಯವರೆಲ್ಲ ಬರುತ್ತಿದ್ದರು. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಸುಲಿಯಲು ನೆರೆಮನೆಯವರು ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು. ಆಲೆಮನೆ ಹೂಡಿದರೆ ದಾರಿಹೋಕರಿಗೂ ಕಬ್ಬಿನ ಹಾಲು. ಇಲ್ಲವೆಂದು ಕಳಿಸುವುದು ಮನೆಗೆ ಒಳ್ಳೆಯದಲ್ಲವೆಂಬ ನಂಬಿಕೆ. ಕರಾವು ಇದ್ದ ಮನೆಯವರು ಕರಾವು ಇಲ್ಲದವರಿಗೆ ಮಜ್ಜಿಗೆ ಕೊಡುತ್ತಿದ್ದರು. ಬಿತ್ತನೆಗೆ ಬೀಜ ಕಡಿಮೆಯಾದರೆ ನೆಂಟರ ಪಣತದಿಂದ ಬರುತ್ತಿತ್ತು, ಕೊಯ್ಲಾದ ಮೇಲೆ ಅಷ್ಟೇ ಬೀಜ ಅಲ್ಲಿಗೆ ಹಿಂದಿರುಗುತ್ತಿತ್ತು. ವರದೆ ಉಕ್ಕಿ ಗದ್ದೆ ಮುಳುಗುವ ಸೊರಬದ ಊರುಗಳಲ್ಲಿ ನೆರೆಗೂಳಿಯಂಥ ಭತ್ತ ಉಳಿದು ಬಂದದ್ದು ಹೀಗೆ ಮನೆಯಿಂದ ಮನೆಗೆ ಕೈ ಬದಲಿಸಿಕೊಂಡೇ.

ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಕೆರೆಬೇಟೆ. ಸುತ್ತೂರಿನವರು ಕೂಣಿ ಎಂಬ ಮೀನುಬುಟ್ಟಿ ಹಿಡಿದು ಒಟ್ಟಿಗೆ ಕೆರೆಗೆ ಇಳಿಯುತ್ತಾರೆ. ಕೂಣಿಗೆ ಇಷ್ಟೆಂದು ಸೇರಿದ ಹಣ ಊರಿನ ದೇವಸ್ಥಾನದ ಕೆಲಸಕ್ಕೆ ಹೋಗುತ್ತದೆ, ಸಿಕ್ಕಿದ ಮೀನು ಸಿಕ್ಕಿದವರ ಮನೆಗೆ. ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ಮನೆಮನೆಗೆ ದೀಪ ಒಯ್ದು ಹಾಡುತ್ತಾರೆ, ಮನೆಯವರು ಕಾಳು, ಎಣ್ಣೆ, ಕಾಣಿಕೆ ಕೊಟ್ಟು ಕಳಿಸುತ್ತಾರೆ. ಹೋರಿ ಹಬ್ಬದಲ್ಲಿ ಹೋರಿಯ ಕೊರಳಿಗೆ ಕಟ್ಟಿದ ಕೊಬ್ಬರಿ ಹರಿದುಕೊಂಡವನದು. ಭೂಮಿ ಹುಣ್ಣಿಮೆಯ ಬೆಳಗಿನ ಜಾವ ದೀವರ ಮನೆಗಳವರು, ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗುತ್ತಾರೆ. ಬಯಲುಸೀಮೆಯ ಕಡೆಗೆ ತಿರುಗಿದ ಶಿಕಾರಿಪುರದ ಊರುಗಳಲ್ಲಿ ಚರಗ ಚೆಲ್ಲುತ್ತಾರೆ. ಪಡೆದ ನೆಲಕ್ಕೂ ಮುಯ್ಯಿ ತೀರಿಸಬೇಕೆಂದು ತಿಳಿದ ಜನ ನಾವು.

ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯ ಮೇಲೆ ಬರೆದ ಪ್ರಬಂಧದಲ್ಲಿ ಹಲವು ದೇಶಗಳ ಪದ್ಧತಿಗಳನ್ನು ಕೂಡಿಸಿ ನೋಡಿ, ಅವುಗಳ ಬುಡದಲ್ಲಿ ಮೂರು ಕಟ್ಟಳೆಗಳನ್ನು ಕಂಡರು: ಕೊಡಬೇಕು, ಕೊಟ್ಟದ್ದನ್ನು ಸ್ವೀಕರಿಸಬೇಕು, ತಿರುಗಿ ಕೊಡಬೇಕು. ಜಪಾನಿನ ಹಳ್ಳಿಗಳ ಯುಯಿ, ಆಂಡೀಸ್ ಬೆಟ್ಟದವರ ಐನಿ, ಫಿನ್ಲೆಂಡಿನವರ ತಾಲ್ಕೋತ್, ನಮ್ಮ ಮುಯ್ಯಿ ಎಲ್ಲವೂ ಈ ಕಟ್ಟಳೆಯಲ್ಲೇ ನಡೆದವು. ಹಣ ಹುಟ್ಟುವ ಮೊದಲು ಜನ ವಸ್ತುವಿಗೆ ವಸ್ತು ಅದಲುಬದಲು ಮಾಡಿಕೊಂಡು ಬದುಕುತ್ತಿದ್ದರೆಂದು 1776ರಲ್ಲಿ ಆಡಂ ಸ್ಮಿತ್ ಊಹಿಸಿದರು, ಪಠ್ಯಪುಸ್ತಕಗಳು ಅದನ್ನೇ ಹೇಳುತ್ತಾ ಬಂದವು. ಆದರೆ ಬರೀ ಅದಲುಬದಲಿನ ಮೇಲೆ ನಿಂತ ಸಮಾಜವೊಂದನ್ನೂ ಮಾನವಶಾಸ್ತ್ರಜ್ಞರು ಕಂಡಿಲ್ಲವೆಂದು ಕ್ಯಾರೊಲಿನ್ ಹಂಫ್ರಿ 1985ರಲ್ಲಿ ಬರೆದರು. ಒಂದೂರಿನವರ ನಡುವೆ ನಡೆಯುತ್ತಿದ್ದುದು ಕೊಟ್ಟು ನೆನಪಿಡುವ, ಪಡೆದು ತೀರಿಸುವ ವ್ಯವಹಾರ. ನಮ್ಮ ಹಿರಿಯರಿಗೆ ಇದನ್ನು ಯಾರೂ ಬರೆದು ತಿಳಿಸಬೇಕಿರಲಿಲ್ಲ.

ಮಾರುಕಟ್ಟೆಗೆ ನಾವು ಹೊಸಬರಲ್ಲ

ಹಿಂದೆ ಎಲ್ಲವೂ ದಾನ, ಈಗ ಎಲ್ಲವೂ ವ್ಯಾಪಾರ ಎಂದು ಹೇಳಿದರೆ ಈ ನೆಲದ ಚರಿತ್ರೆಗೆ ಅಪಚಾರವಾಗುತ್ತದೆ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಒಂದು ಕಾಲಕ್ಕೆ ಬನವಾಸಿ ಪನ್ನಿರ್ಛಾಸಿರ ಎಂಬ ಪ್ರಾಂತದ ದೊಡ್ಡ ಪಟ್ಟಣ. ದೂರದೂರದ ವರ್ತಕರು ಅಲ್ಲಿ ವ್ಯಾಪಾರ ನಡೆಸಿದರು. ಸರಕಿನ ಮೇಲಿನ ಸುಂಕದಲ್ಲಿ ಒಂದು ಪಾಲನ್ನು ಗುಡಿಗಳಿಗೆ ಬಿಟ್ಟುಕೊಟ್ಟದ್ದನ್ನು ಅಲ್ಲಿಯ ಕಲ್ಲುಗಳೇ ಹೇಳುತ್ತವೆ. ಅದೇ ಊರಿನ ಕೋಡಿಯ ಮಠದ 1162ರ ಶಾಸನವನ್ನು ನೋಡಿ. ಆ ಮಠದಲ್ಲಿ ವಿದ್ಯೆ ಕಲಿಸುತ್ತಿದ್ದರು, ಬಡವರಿಗೂ ಅಂಗವಿಕಲರಿಗೂ ಅನ್ನವಿಕ್ಕುತ್ತಿದ್ದರು, ರೋಗಿಗಳಿಗೆ ಮದ್ದು ಕೊಡುತ್ತಿದ್ದರು. ಪೇಟೆಯ ಲಾಭ ಮತ್ತು ಮಠದ ಅನ್ನ ಒಂದೇ ಊರಿನಲ್ಲಿ ಒಟ್ಟಿಗೆ ಬಾಳಿದವು. ಅಲ್ಲಮಪ್ರಭುವಿನ ಊರು ಬಳ್ಳಿಗಾವಿಯೆಂದೂ ಅಕ್ಕಮಹಾದೇವಿಯ ಊರು ಉಡುತಡಿಯೆಂದೂ ನಾವು ನಂಬಿಕೊಂಡು ಬಂದವರು. ಆ ಕಾಲದ ಶರಣರು ದುಡಿಮೆಯನ್ನು ಕಾಯಕವೆಂದರು, ಹಂಚಿಕೊಳ್ಳುವುದನ್ನು ದಾಸೋಹವೆಂದರು. ಒಂದನ್ನು ಬಿಟ್ಟು ಇನ್ನೊಂದಿಲ್ಲವೆಂದರು.

ಅದಕ್ಕೂ ಹಿಂದೆ, 5ನೆಯ ಶತಮಾನದ ತಾಳಗುಂದದ ಸ್ತಂಭಶಾಸನ ಕದಂಬರ ಕಾಕುಸ್ಥವರ್ಮ ಅಲ್ಲಿಯ ಗುಡಿಯ ಬಳಿ ಕೆರೆ ಕಟ್ಟಿಸಿದ್ದನ್ನು ನೆನೆಯುತ್ತದೆ. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯಿತು; ಅದನ್ನು ನೂರಾರು ವರ್ಷ ಉಳಿಸಿದವರು ಹೂಳು ಹೊತ್ತವರು, ಏರಿಗೆ ಮಣ್ಣು ಹಾಕಿದವರು, ತೂಬು ಕಾದ ನೀರಗಂಟಿಗಳು. ಕೆರೆ ಕಾಯುವವರಿಗೆ ಕೆರೆಯ ಕೆಳಗೆ ನೆಲ ಬಿಡುವ ಬಿತ್ತುವಟ್ಟದಂಥ ಏರ್ಪಾಡುಗಳನ್ನು ಕನ್ನಡ ನಾಡಿನ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಊರಿನ ನೀರು ಊರಿನ ಜವಾಬ್ದಾರಿ ಎಂಬುದಕ್ಕೆ ಅಷ್ಟು ಹಳೆಯ ಸಾಕ್ಷಿ ನಮ್ಮಲ್ಲಿದೆ.

ಆದ್ದರಿಂದ ನಮ್ಮ ಹೋರಾಟ ಸಂತೆಯ ಮೇಲಲ್ಲ, ಅಡಿಕೆ ಮಂಡಿಯ ಮೇಲೂ ಅಲ್ಲ. ಮಾರುವುದಕ್ಕೆ ಬೆಳೆದದ್ದನ್ನು ಮಾರೋಣ, ಒಳ್ಳೆಯ ದರಕ್ಕೇ ಮಾರೋಣ. ಮಾರುವುದಕ್ಕಲ್ಲದ್ದೂ ಪೇಟೆ ಸೇರಿಬಿಟ್ಟದ್ದು ನಮ್ಮ ಸಂಕಟ. ಕಾರ್ಲ್ ಪೊಲಾನ್ಯಿ 1944ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಮಾರುಕಟ್ಟೆಗಳು ಎಂದಿನಿಂದಲೂ ಇದ್ದವು, ನೆಲ ಮತ್ತು ದುಡಿಮೆ ಎರಡನ್ನೂ ಸರಕಾಗಿಸಿ ಇಡೀ ಬದುಕನ್ನೇ ಮಾರುಕಟ್ಟೆಯ ಕೆಳಗೆ ತಂದದ್ದು ಮಾತ್ರ ಇತ್ತೀಚಿನ ಶತಮಾನಗಳ ಬೆಳವಣಿಗೆ.

ಬಿಟ್ಟಿಯನ್ನು ನಾವು ಮರೆತಿಲ್ಲ

ಹಳೆಯ ಕಾಲವನ್ನು ಹೊಗಳಿ ಹಾಡುವ ಚಳವಳಿ ಇದಲ್ಲ. ಕೊಡುಕೊಳ್ಳುವಿಕೆಗೆ ಎರಡು ಮುಖಗಳಿದ್ದವು. ಸರೀಕರ ನಡುವೆ ನಡೆದದ್ದು ಮುಯ್ಯಿ. ಮೇಲಿನವರಿಗೆ ಕೆಳಗಿನವರು ಮಾಡಿದ್ದು ಬಿಟ್ಟಿ.

ಆಯದ ವ್ಯವಸ್ಥೆಯಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿ ಎಲ್ಲರೂ ವರ್ಷವಿಡೀ ಊರಿಗೆ ದುಡಿದು, ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ಪಾಲು ಪಡೆಯುತ್ತಿದ್ದರು. ಬರಗಾಲದಲ್ಲೂ ಕುಂಬಾರನ ಮನೆಗೆ ಕಾಳು ತಲುಪುತ್ತಿತ್ತು ಎಂಬುದು ನಿಜ. ಯಾರ ಮೊರಕ್ಕೆ ಎಷ್ಟು ಬೀಳಬೇಕೆಂದು ಹೇಳುತ್ತಿದ್ದವರು ಯಾವಾಗಲೂ ರಾಶಿಯ ಒಡೆಯರೇ ಎಂಬುದೂ ಅಷ್ಟೇ ನಿಜ. ಸತ್ತ ದನ ಹೊರುವವನಿಗೆ, ತಮಟೆ ಬಡಿಯುವವನಿಗೆ ಬೇಡವೆನ್ನುವ ಹಕ್ಕಿರಲಿಲ್ಲ. ಅವನ ಪಾಲು ಕಣದ ಅಂಚಿನಲ್ಲಿ, ದೂರದಿಂದ ಬೀಳುತ್ತಿತ್ತು. ತಂದೆಯ ಸಾಲಕ್ಕೆ ಮಗ ಜೀತಕ್ಕೆ ನಿಲ್ಲುತ್ತಿದ್ದ. ಬೇಡವೆನ್ನಲು ಆಗದವನು ಕೊಟ್ಟದ್ದನ್ನು ಉಡುಗೊರೆಯೆಂದು ಕರೆಯಲು ನಾವು ಒಪ್ಪುವುದಿಲ್ಲ.

ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಕೊಳಗದ ಮೇಲೆ. ಗೇಣಿ ಅಳೆಯುವ ಒಡೆಯರ ಕೊಳಗ ಹಿಡಿಯಬೇಕಾದ್ದಕ್ಕಿಂತ ಹೆಚ್ಚು ಭತ್ತ ಹಿಡಿಯುತ್ತಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಗೆಳೆಯರು ಜೊತೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟ ಗೇಣಿಯ ಬುಡವನ್ನೇ ಅಲುಗಾಡಿಸಿತು. ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಹುಟ್ಟಿನಿಂದ ಬರುವ ಊರಿನ ಚಾಕರಿಗಳನ್ನು ಕೊನೆಗಾಣಿಸಿತು. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಗೇಣಿದಾರರನ್ನು ನೆಲದ ಒಡೆಯರನ್ನಾಗಿ ಮಾಡುವ ದಾರಿ ತೆರೆಯಿತು. 1976ರ ಕಾಯ್ದೆ ಜೀತವನ್ನು ಅಪರಾಧವೆಂದು ಸಾರಿತು. ಕೈಗೆ ಬಂದ ನಗದು ಕೂಲಿ ಎಷ್ಟೋ ಜನರಿಗೆ ಮೊದಲ ಸಲ ಒಡೆಯರ ಅಂಗಳ ದಾಟುವ ಧೈರ್ಯ ಕೊಟ್ಟಿತು. ಹಾಲು ಮಾರಬಾರದೆಂಬ ಹಳೆಯ ಕಟ್ಟು ಸಡಿಲಿ ಡೇರಿಗೆ ಹಾಲು ಹಾಕಲು ಶುರುವಾದ ಮೇಲೆ ಹೆಂಗಸರ ಹೆಸರಿನಲ್ಲಿ ದುಡ್ಡು ಜಮೆಯಾಯಿತು. ಹಣ ತಂದ ಈ ಬಿಡುಗಡೆಗಳಲ್ಲಿ ಒಂದನ್ನೂ ನಾವು ಹಿಂದಿರುಗಿಸುವುದಿಲ್ಲ.

ಬದಲಾವಣೆ ಬಂದ ದಾರಿ

ಮೊದಲು ಬಂದದ್ದು ಕಂದಾಯ. 17ನೆಯ ಶತಮಾನದಲ್ಲೇ ಕೆಳದಿಯ ಶಿವಪ್ಪ ನಾಯಕ ನೆಲದ ಗುಣ ನೋಡಿ, ಇಳುವರಿ ನೋಡಿ ಶಿಸ್ತು ಎಂಬ ಕಂದಾಯ ನಿಗದಿ ಮಾಡಿದ್ದ. ಕಂದಾಯದ ಭಾರ ತಾಳದೆ 1830–31ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ದಂಗೆಯೆದ್ದರು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಆರಂಭವಾದ ಕಂದಾಯ ಸರ್ವೆ ಗದ್ದೆಗದ್ದೆಗೂ ನಂಬರು ಹಾಕಿ, 30 ವರ್ಷಕ್ಕೊಮ್ಮೆ ನಗದಿನ ಕಂದಾಯ ನಿಗದಿ ಮಾಡಿತು. ನೆರೆಮನೆಗೆ ಮುಯ್ಯಿ ತೀರಿಸಿದಂತೆ ಸರ್ಕಾರಕ್ಕೆ ಭತ್ತ ಅಳೆದು ತೀರಿಸುವಂತಿರಲಿಲ್ಲ. ನಗದು ಬೇಕಾದರೆ ಮಾರಬೇಕು. ಮಾರಬೇಕಾದರೆ ಮಾರುವ ಬೆಳೆಯನ್ನೇ ಬೆಳೆಯಬೇಕು.

ಆಮೇಲೆ ಕಾನು. ಸೊರಬದ ಕಾನುಗಳ ಮೇಲೆ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿ ವರದಿ ಬರೆದಾಗ ಈ ಒಂದೇ ತಾಲೂಕಿನಲ್ಲಿ 171 ಕಾನುಗಳಿದ್ದವು, ಒಟ್ಟು 32 ಸಾವಿರ ಎಕರೆಗೂ ಮೇಲ್ಪಟ್ಟು. ಕಾನು ದೇವರ ಕಾಡು, ನೀರಿನ ಸೆಲೆ, ಊರಿನವರು ಮೆಣಸು, ಬೈನೆ, ಉಪ್ಪಾಗೆ ಪಡೆಯುತ್ತಿದ್ದ ಜಾಗ. ಕೊಡಲಿ ಹಾಕದೆ ಪಡೆಯಬೇಕೆಂಬ ಕಟ್ಟಳೆ ಇತ್ತು. ಮರ ಟಿಂಬರ್ ಆದಾಗ, ಊರಿನ ಹಕ್ಕು ದಾಖಲೆಯಿಂದ ಅಳಿಸಿಹೋದಾಗ, ಕಾನಿನ ಅಂಚಿನಲ್ಲಿ ಅಕೇಶಿಯಾ ನೆಡುತೋಪು ಎದ್ದಾಗ, ಆ ಕಟ್ಟಳೆಯನ್ನು ಕಾಯಲು ಯಾರಿಗೂ ಕಾರಣ ಉಳಿಯಲಿಲ್ಲ.

ಆಮೇಲೆ ಬೀಜ. 1960ರ ದಶಕದಿಂದ ಹೊಸ ತಳಿಗಳು ಬಂದವು. ಇಂಟಾನ್‌ನಂಥ ಭತ್ತದ ಬೀಜವನ್ನಾದರೂ ಮನೆಯಲ್ಲಿ ಉಳಿಸಿಕೊಳ್ಳಬಹುದಿತ್ತು, ನೆರೆಯವರಿಗೆ ಕೊಡಬಹುದಿತ್ತು. ಹೈಬ್ರಿಡ್ ಮೆಕ್ಕೆಜೋಳದಲ್ಲಿ ಆ ದಾರಿಯೂ ಮುಚ್ಚಿತು: ಬೆಳೆದ ಕಾಳನ್ನೇ ಮರುವರ್ಷ ಬಿತ್ತಿದರೆ ಇಳುವರಿ ಕುಸಿಯುತ್ತದೆ, ವರ್ಷವರ್ಷವೂ ಅಂಗಡಿಗೇ ಹೋಗಬೇಕು. ಶಿಕಾರಿಪುರದ ಹೊಲಗಳನ್ನು ಮೆಕ್ಕೆಜೋಳ ತುಂಬಿತು. ಶುಂಠಿಗೆ ಗದ್ದೆಗಳು ಗುತ್ತಿಗೆಗೆ ಹೋದವು. ಭತ್ತದ ಬೈಲಿನಲ್ಲಿ ಬೋರ್‌ವೆಲ್ ಕೊರೆದು ಅಡಿಕೆ ಹಾಕಿದೆವು. ನೆಟ್ಟಿ ಕಡಿಮೆಯಾದಂತೆ ನೆಟ್ಟಿಯ ಮುಯ್ಯಿಯೂ ಕಡಿಮೆಯಾಯಿತು. ಬೆಳೆ ಮರದಲ್ಲಿರುವಾಗಲೇ ಖೇಣಿಗೆ ಕೊಟ್ಟ ಮೇಲೆ ಸುಲಿಯಲು ನೆರೆಮನೆಯವರನ್ನು ಕರೆಯುವ ಪ್ರಸಂಗವೇ ಇಲ್ಲ. ಕಟಾವು ಯಂತ್ರ ಬಂದ ಮೇಲೆ ಕಣ ಹೋಯಿತು. ಕಣ ಹೋದ ಮೇಲೆ ಕಣಕ್ಕೆ ಬರುವವರೂ ಇಲ್ಲ. ಓದಿದ ಮಕ್ಕಳು ಪಟ್ಟಣ ಸೇರಿ ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ ಉಳಿದರೆ, ಮನೆಗೆ ಇಬ್ಬರು ಆಳು ಕೊಡುವವರು ಯಾರು?

ಹೀಗೆ ಒಂದೊಂದು ಕೊಂಡಿ ಕಳಚಿತು. ಯಾವ ಒಂದು ವರ್ಷದಲ್ಲೂ ಊರು ಕೂತು ಮುಯ್ಯಿ ಬೇಡವೆಂದು ತೀರ್ಮಾನಿಸಲಿಲ್ಲ. ಬಿಟ್ಟಿ ಹೋಗಲೆಂದು ಹೋರಾಡಿದೆವು, ಹೋಯಿತು. ಅದರ ಜೊತೆ ಮುಯ್ಯಿಯೂ ಹೋಗಬೇಕೆಂದು ಯಾರೂ ಕೇಳಿರಲಿಲ್ಲ.

ಇವತ್ತಿನ ಲೆಕ್ಕ

ಈಗ ನೆಟ್ಟಿಗೆ ಆಳು ಬೇಕಾದರೆ ಗಾಡಿ ಬಾಡಿಗೆ ಕೊಟ್ಟು ದೂರದ ಊರಿನಿಂದ ತರುತ್ತೇವೆ. ಆ ವಾರ ಎಲ್ಲರೂ ಕೂಗುವುದರಿಂದ ದರ ಏರುತ್ತದೆ. ಕೂಲಿಗೆ, ಬೀಜಕ್ಕೆ, ಗೊಬ್ಬರಕ್ಕೆ, ಯಂತ್ರದ ಗಂಟೆಗೆ ಮಳೆಗಾಲಕ್ಕೆ ಮುನ್ನವೇ ಸಾಲ ಮಾಡುತ್ತೇವೆ. ಬೆಳೆಯ ದರ ಬಿದ್ದ ವರ್ಷ ಆ ಸಾಲ ಹಾಗೇ ನಿಲ್ಲುತ್ತದೆ. ಹಿಂದೆ ನೆರೆಮನೆಗೆ ಇದ್ದ ಋಣ ಮುಂದಿನ ನೆಟ್ಟಿಯಲ್ಲಿ ತೀರುತ್ತಿತ್ತು, ಬಡ್ಡಿ ಬೆಳೆಯುತ್ತಿರಲಿಲ್ಲ. ಈಗಿನ ಋಣ ವಾರವಾರವೂ ಬಾಗಿಲಿಗೆ ಬರುತ್ತದೆ.

ಕೂಲಿಯವರ ಕಡೆಯಿಂದ ನೋಡಿದರೂ ಲೆಕ್ಕ ಕೂಡುವುದಿಲ್ಲ. ನೆಟ್ಟಿಯ ಕೆಲವು ವಾರ ಕೈತುಂಬ ಕೆಲಸ, ಉಳಿದ ತಿಂಗಳು ಕೈ ಖಾಲಿ. ಮನೆ ಸೋರಿದರೆ, ಮನೆಯವರು ಕಾಯಿಲೆ ಬಿದ್ದರೆ, ಮಗಳ ಮದುವೆ ಬಂದರೆ ಪ್ರತಿಯೊಂದಕ್ಕೂ ದುಡ್ಡೇ ಬೇಕು. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದ್ದರೂ ಹೆಣ್ಣಾಳಿಗೆ ಒಂದು ದರ, ಗಂಡಾಳಿಗೆ ಇನ್ನೊಂದು ದರ ಇಂದಿಗೂ ನಮ್ಮ ಗದ್ದೆಗಳಲ್ಲಿ ನಡೆಯುತ್ತಿದೆ.

ಊರಿನ ಕೆರೆಗಳೂ ಇದೇ ಲೆಕ್ಕಕ್ಕೆ ಸಿಕ್ಕಿವೆ. ಕೆರೆಯ ಮೀನು ಹರಾಜಾದರೆ ಗುತ್ತಿಗೆದಾರರಿಗೆ ಮೀನಿನ ಚಿಂತೆ, ಏರಿಯ ಚಿಂತೆ ಯಾರಿಗೂ ಇಲ್ಲ. ಬೋರ್‌ವೆಲ್ ಇರುವವರಿಗೆ ಕೆರೆ ಬೇಡ, ಕೆರೆ ಬೇಕಾದವರಿಗೆ ಊರಿನಲ್ಲಿ ಮಾತಿಲ್ಲ. ಹೂಳು ತುಂಬಿದ ಕೆರೆಯ ಅಂಗಳ ಒಂದೊಂದೇ ಬದು ಸರಿದು ಒತ್ತುವರಿಯಾಗುತ್ತದೆ. ಕೆರೆ ಬತ್ತಿದರೆ ಸುತ್ತಲಿನ ಬೋರ್‌ವೆಲ್‌ಗಳ ನೀರು ಆಳಕ್ಕಿಳಿಯುತ್ತದೆ. ಆಗ ತೋಟದವರೂ ಬೆಲೆ ತೆರುತ್ತಾರೆ.

ನಾವು ನಂಬುವುದು

ಮೊದಲನೆಯದು: ಒಬ್ಬರ ಒಂದು ದಿನ ಇನ್ನೊಬ್ಬರ ಒಂದು ದಿನಕ್ಕೆ ಸಮ. ನೆಡುವ ಹೆಂಗಸಿನ ದಿನ, ಅಗೆಯುವ ಗಂಡಸಿನ ದಿನ, ಲೆಕ್ಕ ಬರೆಯುವ ಓದಿದವರ ದಿನ, ಯಂತ್ರ ಓಡಿಸುವ ಹುಡುಗನ ದಿನ ಮುಯ್ಯಿಯಲ್ಲಿ ಒಂದೇ ತೂಕ.

ಎರಡನೆಯದು: ಬೇಡವೆನ್ನುವ ಹಕ್ಕಿದ್ದರೆ ಮಾತ್ರ ಅದು ಮುಯ್ಯಿ. ಇಷ್ಟವಿಲ್ಲದವರು ಬರಬೇಕಿಲ್ಲ. ಬಾರದವರಿಗೆ ಊರಿನಲ್ಲಿ ಯಾವ ಕೊರತೆಯೂ ಆಗಬಾರದು.

ಮೂರನೆಯದು: ಮುಯ್ಯಿಗೆ ಜಾತಿಯಿಲ್ಲ. ಒಂದೇ ಸಾಲಿನಲ್ಲಿ ನೆಟ್ಟವರು ಒಂದೇ ಸಾಲಿನಲ್ಲಿ ಉಣ್ಣಬೇಕು. ಊಟದಲ್ಲಿ ಪಂಕ್ತಿಭೇದ ಮಾಡುವ ಗದ್ದೆಗೆ ನಮ್ಮ ಕೂಟದಿಂದ ಒಬ್ಬರೂ ಇಳಿಯುವುದಿಲ್ಲ.

ನಾಲ್ಕನೆಯದು: ನೆಲವಿಲ್ಲದವರೂ ಕೊಡುವವರೇ, ಪಡೆಯುವವರೇ. ಗದ್ದೆಯಿಲ್ಲದ ಮನೆ ಕೊಟ್ಟ ದಿನಗಳಿಗೆ ಬದಲಾಗಿ ಮನೆ ಕಟ್ಟುವಾಗ ಆಳು, ಕಾಯಿಲೆಯಲ್ಲಿ ಆಸ್ಪತ್ರೆಗೆ ಜೊತೆ, ದನಕ್ಕೆ ಹುಲ್ಲು, ಸುಗ್ಗಿಯಲ್ಲಿ ಸರಿ ಕೊಳಗದ ಭತ್ತ ಇವುಗಳಲ್ಲಿ ತಮಗೆ ಬೇಕಾದದ್ದನ್ನು ಅವರೇ ಆರಿಸಿಕೊಳ್ಳಬೇಕು. ನಗದು ಕೂಲಿ ಬೇಕೆಂದವರಿಗೆ ಪೂರ್ತಿ ನಗದು ಕೂಲಿಯೇ ಸಲ್ಲಬೇಕು.

ಐದನೆಯದು: ಋಣಕ್ಕೆ ಬಡ್ಡಿಯಿಲ್ಲ. ತೀರಿಸಲಾಗದ ವರ್ಷ ಮುಂದಿನ ವರ್ಷಕ್ಕೆ ಹೋಗುತ್ತದೆ, ಹಾಗೆ ಹೋದದ್ದು ಒಂದು ದಿನವೂ ಹೆಚ್ಚುವುದಿಲ್ಲ.

ನಾವು ಮಾಡುವುದು

1. ಕೇರಿಗೊಂದು ಮುಯ್ಯಾಳು ಕೂಟ. ಎಲ್ಲರೂ ಎಲ್ಲರನ್ನೂ ಬಲ್ಲಷ್ಟು ಚಿಕ್ಕದಾಗಿ, ಐದರಿಂದ ಹದಿನೈದು ಮನೆ. ನೆಟ್ಟಿ, ಕಳೆ, ಕೊಯ್ಲು, ಅಡಿಕೆ ಸುಲಿಯುವುದು, ಮನೆ ರಿಪೇರಿ, ಬೇಲಿ ಕೆಲಸಗಳಿಗೆ ಸರದಿ ಹಾಕಿಕೊಳ್ಳುವುದು. ಹಿಂದೆ ಲೆಕ್ಕ ಬಾಯಲ್ಲಿತ್ತು, ಬಾಯಿ ಬಲವಿದ್ದವರ ಕಡೆ ವಾಲುತ್ತಿತ್ತು. ಈಗ ಲೆಕ್ಕ ಪುಸ್ತಕದಲ್ಲಿರಬೇಕು, ಪುಸ್ತಕ ಎಲ್ಲರಿಗೂ ತೆರೆದಿರಬೇಕು. ಅದನ್ನು ಬರೆಯುವವರು ವರ್ಷಕ್ಕೊಮ್ಮೆ ಬದಲಾಗಬೇಕು. ಎರಡು ವರ್ಷಕ್ಕೊಮ್ಮೆ ಬರೆಯುವ ಕೈ ಹೆಂಗಸಿನದೇ ಆಗಿರಬೇಕು.

2. ಬೀಜದ ಮನೆ. ಊರಿನಲ್ಲಿ ಉಳಿದಿರುವ ಭತ್ತ, ರಾಗಿ, ಕಾಳು, ತರಕಾರಿ ತಳಿಗಳನ್ನು ಹುಡುಕಿ ಬೆಳೆಸುವುದು. ಒಂದು ಸೇರು ಪಡೆದವರು ಕೊಯ್ಲಾದ ಮೇಲೆ ಎರಡು ಸೇರು ತರುವುದು. ಹೆಚ್ಚಿಗೆ ಬಂದದ್ದು ಬಡ್ಡಿಯಲ್ಲ, ಮುಂದಿನ ಮನೆಗೆ ಹೋಗುವ ಬೀಜ. ರೈತರು ತಮ್ಮ ಬೀಜ ಉಳಿಸಿಕೊಳ್ಳುವ, ಬದಲಿಸಿಕೊಳ್ಳುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಒಪ್ಪಿದೆ. ಆ ಹಕ್ಕನ್ನು ಬಳಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ.

3. ಕೆರೆಗೆ ಮುಯ್ಯಿ. ಬೇಸಿಗೆಯಲ್ಲಿ ಪ್ರತಿ ಮನೆಯೂ ಕೆರೆಗೆ ದಿನ ಕೊಡುವುದು: ಏರಿಯ ಗಿಡ ಕಡಿಯಲು, ಕಾಲುವೆ ಬಿಡಿಸಲು, ಹೂಳು ಎತ್ತಲು. ಹೂಳು ಬೇಕಾದವರ ಹೊಲಕ್ಕೆ, ಮೊದಲ ಸರದಿ ಚಿಕ್ಕ ಹಿಡುವಳಿಯವರದು. ಕೆರೆಬೇಟೆಯಲ್ಲಿ ಸೇರಿದ ಹಣದ ಒಂದು ಪಾಲು ಅದೇ ಕೆರೆಗೆ. ಕೂಣಿ ಹಿಡಿದು ಬರುವ ಯಾರಿಗೂ, ಯಾವ ಕೇರಿಯವರಿಗೂ, ತಡೆಯಿಲ್ಲ.

4. ಕಾನಿನ ಕಾವಲು. ನಮ್ಮ ಕಾನುಗಳ ಗಡಿ, ಮರ, ನೀರಿನ ಸೆಲೆ, ಹಳೆಯ ಕಟ್ಟಳೆ ಎಲ್ಲವನ್ನೂ ಹಿರಿಯರನ್ನು ಕೇಳಿ ಬರೆದಿಡುವುದು, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಯ ದಾಖಲೆಗೆ ಸೇರಿಸುವುದು. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಸಮುದಾಯದ ಹಕ್ಕನ್ನು ಮಾನ್ಯ ಮಾಡಿದೆ. ಅದರಡಿ ಅರ್ಜಿ ಹಾಕುವುದು. ಎಲಿನಾರ್ ಆಸ್ಟ್ರಂ ನೇಪಾಳದ ಕಾಲುವೆ, ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಜಪಾನಿನ ಕಾಡುಗಳನ್ನು ನೋಡಿ, ಬಳಸುವವರೇ ನಿಯಮ ಮಾಡಿ ಬಳಸುವವರೇ ಕಾದರೆ ಎಲ್ಲರ ಸ್ವತ್ತು ಉಳಿಯಬಲ್ಲದೆಂದು ತೋರಿಸಿ 2009ರಲ್ಲಿ ನೊಬೆಲ್ ಪಡೆದರು. ಸೊರಬದ ಕಾನುಗಳೂ ಆ ಸಾಲಿನಲ್ಲಿ ನಿಲ್ಲಬೇಕಾದವು.

5. ಯಂತ್ರಕ್ಕೂ ಮುಯ್ಯಿ. ಟ್ರ್ಯಾಕ್ಟರ್, ಅಡಿಕೆ ಸುಲಿಯುವ ಯಂತ್ರ, ನಾಟಿ ಯಂತ್ರಗಳನ್ನು ಕೂಟದ ಹೆಸರಿನಲ್ಲಿ ಕೊಳ್ಳುವುದು. ಡೀಸೆಲ್ ಖರ್ಚು ಬಳಸಿದವರದು, ಓಡಿಸಿದವರ ದಿನ ಪುಸ್ತಕಕ್ಕೆ. ಯಂತ್ರವನ್ನು ನಾವು ಹೊರಗಿಡುವುದಿಲ್ಲ. ಅದು ಯಾರ ಕೈಯಲ್ಲಿದೆ ಎಂಬುದೇ ನಮ್ಮ ಪ್ರಶ್ನೆ.

6. ಹಿರಿಯರಿಗೆ ಮುಯ್ಯಿ. ಮಕ್ಕಳು ದೂರವಿರುವ ಮನೆಗಳಿಗೆ ಕೂಟದವರು ಸರದಿಯಲ್ಲಿ ಹೋಗುವುದು: ಔಷಧಿ, ರೇಷನ್, ಬ್ಯಾಂಕಿನ ಕೆಲಸ. ಪಟ್ಟಣದಲ್ಲಿರುವ ಮಕ್ಕಳು ತಮ್ಮ ದಿನಗಳನ್ನು ಅಲ್ಲಿಂದಲೇ ಕೊಡಬಹುದು: ಅರ್ಜಿ ಬರೆದುಕೊಡುವುದು, ಊರಿನ ಮಕ್ಕಳಿಗೆ ಪಾಠ, ಬೆಂಗಳೂರಿನ ಆಸ್ಪತ್ರೆಗೆ ಬಂದ ಊರಿನವರ ಜೊತೆ ನಿಲ್ಲುವುದು.

ನಾವು ಕೇಳುವುದು

ಗ್ರಾಮ ಪಂಚಾಯಿತಿಗಳಿಂದ: ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಊರಿನ ಕೆರೆಯ ಮೀನನ್ನು ಹರಾಜಿಗೆ ಇಡಬೇಡಿ. ಕೆರೆಬೇಟೆ ನಡೆಯುವ ಕೆರೆಗಳನ್ನು ಪಟ್ಟಿ ಮಾಡಿ, ಅವನ್ನು ಊರಿಗೇ ಬಿಡಿ. ಕೆರೆ ಅಂಗಳ, ಗೋಮಾಳ, ಸ್ಮಶಾನಗಳ ಅಳತೆ ಮಾಡಿಸಿ ನಕ್ಷೆಯನ್ನು ಪಂಚಾಯಿತಿ ಗೋಡೆಯ ಮೇಲೆ ಹಾಕಿ.

ಸರ್ಕಾರದಿಂದ: ಕಾನುಗಳನ್ನು ಕಾನೆಂದೇ ದಾಖಲಿಸಿ, ಅಲ್ಲಿ ನೆಡುತೋಪು ಬೇಡ. ಉದ್ಯೋಗ ಖಾತರಿಯ ಕೆಲಸವನ್ನು ನೆಟ್ಟಿಯಿಲ್ಲದ ತಿಂಗಳುಗಳಲ್ಲಿ ಕೆರೆ, ಕಾಲುವೆಗಳಿಗೆ ಕೊಡಿ, ಕೂಲಿಯನ್ನು ಸಕಾಲಕ್ಕೆ ಪಾವತಿಸಿ. ನಮ್ಮ ಮುಯ್ಯಿಯನ್ನು ತೋರಿಸಿ ನಿಮ್ಮ ಹೊಣೆ ಕಡಿಮೆ ಮಾಡಿಕೊಳ್ಳಬೇಡಿ. ಶಾಲೆ, ಆಸ್ಪತ್ರೆ, ರೇಷನ್ ನಮ್ಮ ಹಕ್ಕು. ಅವುಗಳ ಜಾಗವನ್ನು ನೆರೆಮನೆಯ ಪ್ರೀತಿ ತುಂಬಲಾರದು, ತುಂಬಬೇಕಾಗಿಯೂ ಇಲ್ಲ.

ಗದ್ದೆ ಉಳ್ಳವರಿಂದ: ಹೆಣ್ಣಾಳು ಗಂಡಾಳೆಂಬ ಎರಡು ದರವನ್ನು ಈ ಮುಂಗಾರಿನಿಂದಲೇ ನಿಲ್ಲಿಸಿ. ಮೊದಲು ನಮ್ಮ ಕೂಟದವರ ಗದ್ದೆಗಳಲ್ಲಿ ನಿಲ್ಲಿಸುತ್ತೇವೆ, ಆಮೇಲೆ ನಿಮ್ಮನ್ನು ಕೇಳಲು ಬರುತ್ತೇವೆ.

ಮುಂದಿನ ಹೆಜ್ಜೆ

ಇದು ಪಟ್ಟಣದಿಂದ ಬಂದ ಯೋಜನೆಯಲ್ಲ. ಇದಕ್ಕೆ ಕಚೇರಿ ಬೇಡ, ಅನುದಾನಕ್ಕೆ ಕಾಯಬೇಕಿಲ್ಲ. ಐದು ಮನೆಯವರು ಒಂದು ಸಂಜೆ ಕೂತು ಒಂದು ನೋಟ್‌ಬುಕ್ ತೆರೆದರೆ ಕೂಟ ಹುಟ್ಟಿತು. ಆ ಐದರಲ್ಲಿ ಒಂದಾದರೂ ನೆಲವಿಲ್ಲದ ಮನೆಯಿರಲಿ, ಒಂದಾದರೂ ಬೇರೆ ಕೇರಿಯ ಮನೆಯಿರಲಿ. ಇವೆರಡೂ ಇಲ್ಲದ ಕೂಟ ಹಳೆಯ ಕೊಳಗಕ್ಕೇ ಮರಳುತ್ತದೆ.

ಎಲ್ಲ ಕೂಟಗಳೂ ಗೆಲ್ಲುತ್ತವೆಂದು ನಾವು ಭರವಸೆ ಕೊಡುವುದಿಲ್ಲ. ಜಗಳ ಬರುತ್ತದೆ. ಕೊಟ್ಟವರಿಗೆ ಹೆಚ್ಚು ಕೊಟ್ಟೆವೆನಿಸುತ್ತದೆ, ಪಡೆದವರಿಗೆ ಕಡಿಮೆ ಪಡೆದೆವೆನಿಸುತ್ತದೆ. ಆಗ ಪುಸ್ತಕ ತೆರೆದು ಎಲ್ಲರ ಮುಂದೆ ಓದೋಣ. ತಪ್ಪಿದ್ದರೆ ತಿದ್ದೋಣ, ಬಿಡಬೇಕಾದವರನ್ನು ಮರ್ಯಾದೆಯಿಂದ ಬಿಡೋಣ. ಹಿಂದಿನವರು ಹಂಗಿನಿಂದ ಬಿಡಿಸಿಕೊಳ್ಳಲು ಹೋರಾಡಿದರು. ಅವರ ಮಕ್ಕಳಾದ ನಾವು ಒಬ್ಬೊಬ್ಬರೇ ಸಾಲಗಾರರಾಗಿ ಉಳಿಯಲೆಂದು ಅವರು ಜೈಲಿಗೆ ಹೋಗಿರಲಿಲ್ಲ. ಯಾರ ಹಂಗೂ ಇಲ್ಲದವರು ಕೂಡಿ ಬಾಳಬಲ್ಲರೆಂದು ತೋರಿಸುವುದು ನಮ್ಮ ಪಾಲಿಗೆ ಉಳಿದ ಕೆಲಸ.

ಶಿಕಾರಿಪುರದಿಂದ ಆನವಟ್ಟಿಯವರೆಗೆ, ಶಿರಾಳಕೊಪ್ಪದಿಂದ ಚಂದ್ರಗುತ್ತಿಯವರೆಗೆ, ಈ ಮುಂಗಾರು ಹಿಡಿಯುವುದರೊಳಗೆ ನಿಮ್ಮ ಕೇರಿಯಲ್ಲಿ ಕೂಟ ಕಟ್ಟಿ. ಯಾರ ಗದ್ದೆಗೆ ಮೊದಲ ಸರದಿ ಎಂಬುದನ್ನು ಇವತ್ತೇ ಮಾತಾಡಿಕೊಳ್ಳಿ. ಮೊದಲ ದಿನ ಕೊಡುವವರು ನಾವು.